ಅಜ್ಜಿ ಹೇಳಿದ್ರೆ ಹೆದರಿಕೆ, ನಾನು ಬರೆದ್ರೆ ನಗು: ಕನ್ನಡದಲ್ಲಿ ದೆವ್ವದ ಕಥೆ, ಕರಾಳ ಕವಿತೆ ಬರೆಯೋದು ಹೇಗೆ?

ಹೊಸಪೆನ್ನು
ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಹಾರರ್ ಕಥೆ, ಡಾರ್ಕ್ ಕವಿತೆ ಬರೆಯೋ ಹುಚ್ಚು ಹತ್ತಿದೆ. ಹನ್ನೊಂದು ಕಥೆ ಆಗಿವೆ. ಮನೆಯಲ್ಲಿ ಓದಿ ಹೇಳಿದ್ರೆ ತಂಗಿ ಹೊಟ್ಟೆ ಹಿಡ್ಕೊಂಡು ನಗ್ತಾಳೆ. ಅದೇ ತಂಗಿ, ನಮ್ಮಜ್ಜಿ "ಅವತ್ತು ಹಿತ್ತಲಲ್ಲಿ ಏನಾಯ್ತು ಗೊತ್ತಾ" ಅಂತ ಬಾಯಿ ತೆಗೆದ್ರೆ ಸಾಕು, ಬಚ್ಚಲಿಗೆ ಹೋಗೋಕೂ ಜೊತೆಗೆ ಜನ ಕೇಳ್ತಾಳೆ. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ನಾನು ಎಂ.ಎ.

ಬರವಣಿಗೆಯಲ್ಲಿ ಹೆದರಿಸೋದು ಕನ್ನಡದಲ್ಲಿ ಆಗೋದೇ ಇಲ್ವಾ, ಅಥವಾ ನನಗೆ ಬರಲ್ವಾ? ಸ್ಯಾಂಪಲ್ ಹಾಕ್ತೀನಿ, ಮುಲಾಜಿಲ್ಲದೆ ಹೇಳಿ.

ಕವಿತೆ:
ಕಗ್ಗತ್ತಲ ಸ್ಮಶಾನದಲಿ ನೆತ್ತರು ಕಾರುವ ಚಂದಿರ
ನನ್ನೆದೆಯ ಗೋರಿಯೊಳಗೆ ನಿನ್ನ ನೆನಪಿನ ಪ್ರೇತ
ಕೊಳೆತ ಕನಸುಗಳ ಹೆಣ ಹೊತ್ತು ಅಲೆವೆ ನಾನು
ಸಾವೇ, ಓ ಸಾವೇ, ಎಲ್ಲಿರುವೆ?

ಕಥೆಯ ಶುರು:
"ಅಮಾವಾಸ್ಯೆಯ ರಾತ್ರಿ ಹನ್ನೆರಡು ಗಂಟೆ. ಬಿಳಿ ಸೀರೆ ಉಟ್ಟು ಕೂದಲು ಬಿಚ್ಚಿಕೊಂಡಿದ್ದ ಹೆಂಗಸೊಬ್ಬಳು ಲಿಫ್ಟಿನೊಳಗೆ ಬಂದಳು. ಅವಳ ಪಾದಗಳು ಹಿಂದುಮುಂದಾಗಿದ್ದವು."

ಬೆಲ್ಲದಚ್ಚು
ಕವಿತೆಯಲ್ಲಿ ಚಂದ್ರ, ಕಥೆಯಲ್ಲಿ ಅಮಾವಾಸ್ಯೆ. ಮೊದಲು ಪಂಚಾಂಗ ನೋಡಿ ಒಂದು ತೀರ್ಮಾನಕ್ಕೆ ಬನ್ನಿ ಗುರುವೇ.

ಒಗ್ಗರಣೆ
ಕವಿತೆ ದೆವ್ವದ್ದಲ್ಲ, ಹುಡುಗಿ ಕೈಕೊಟ್ಟಿದ್ದು. ಸಮಾಧಾನ ಮಾಡ್ಕೊಳಿ.

ಹೊಸಪೆನ್ನು
@ಒಗ್ಗರಣೆ ಅಷ್ಟು ಗೊತ್ತಾಗುತ್ತಾ?

ಒಗ್ಗರಣೆ
ನಾಲ್ಕನೇ ಸಾಲಿನಲ್ಲಿ ಓ ಅಂತ ಕೂಗಿದ್ದೀರಲ್ಲ, ಅಲ್ಲೇ ಗೊತ್ತಾಯ್ತು. ಇನ್ನೊಂದು. ಬಿಳಿ ಸೀರೆ ಯಾಕೆ? ನಮ್ಮ ಮುತ್ತಜ್ಜಿ ಹದಿನಾರಕ್ಕೆ ಗಂಡನನ್ನ ಕಳ್ಕೊಂಡು ಎಪ್ಪತ್ತು ವರ್ಷ ಕೆಂಪು ಸೀರೆಯಲ್ಲೇ ಕಳೆದ್ರು. ತಲೆ ಬೋಳು, ಮೇಲೆ ಕೆಂಪು ಸೆರಗು. ಆ ಕಾಲದ ಬ್ರಾಹ್ಮಣರ ಮನೆಗಳಲ್ಲಿ ಎಷ್ಟೋ ಮಡಿ ಹೆಂಗಸರು ಹಾಗೇ ಇದ್ದದ್ದು. ಕೂದಲು ಬಿಚ್ಚಿಕೊಂಡ ಬಿಳಿ ಸೀರೆ ಸಿನಿಮಾದವರ ದಾಸ್ತಾನು. ಬೆಳಗಿನ ಜಾವ ಬಾವಿ ಕಟ್ಟೆ ಹತ್ರ ಆ ಕೆಂಪು ಸೀರೆ ಹಿಂಡೋ ಸದ್ದು ಬರುತ್ತೆ ಅಂತ ನಮ್ಮಮ್ಮ ಈಗಲೂ ಅಂತಾರೆ. ನನಗೆ ಲಿಫ್ಟಿನ ಹೆಂಗಸಿಗಿಂತ ಆ ಸದ್ದೇ ಭಯ.

ಹೊಸಪೆನ್ನು
ಇದನ್ನ ನಾನು ಕದೀಬಹುದಾ?

ಒಗ್ಗರಣೆ
ಮುತ್ತಜ್ಜಿನ ಕೇಳಿ. ಬೆಳಗಿನ ಜಾವ ನಾಲ್ಕಕ್ಕೆ, ಬಾವಿ ಹತ್ರ.

ಹಳೆಮೇಷ್ಟ್ರು
ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ಅನ್ನೋ ಅಹಂಕಾರದಿಂದ ಎರಡು ಮಾತು. ನಮ್ಮ ಹಿರಿಯರು ಭಯಾನಕ, ಬೀಭತ್ಸ ಅಂತ ಎರಡು ರಸ ಬೇರೆ ಬೇರೆ ಇಟ್ಟಿದ್ದಾರೆ. ಮೊದಲನೆಯದಕ್ಕೆ ಸ್ಥಾಯಿ, ಅಂದ್ರೆ ಬೇರಿನಲ್ಲಿರೋ ಭಾವ, ಭಯ; ಎರಡನೆಯದಕ್ಕೆ ಜುಗುಪ್ಸೆ. ನೆತ್ತರು ಕಾರೋದು, ಹೆಣ ಕೊಳೆಯೋದು ಎಲ್ಲ ಬೀಭತ್ಸದ ಸಾಮಾನು. ಅದನ್ನ ಓದಿದವನು ಮೂಗು ಮುಚ್ಚಿಕೊಳ್ತಾನೆ, ಬಾಗಿಲು ಹಾಕ್ಕೊಳ್ಳಲ್ಲ. ನೀವು ಒಲೆ ಮೇಲೆ ಒಂದಿಟ್ಟು ಇನ್ನೊಂದರ ವಾಸನೆ ಬರಲಿ ಅಂತ ಕಾಯ್ತಿದ್ದೀರಿ.

ಕನ್ನಡದಲ್ಲಿ ಆಗೋದೇ ಇಲ್ವಾ ಅಂದ್ರಲ್ಲ, ಅದಕ್ಕೆ ಸಿಟ್ಟು ಬಂತು. ರನ್ನನ ಗದಾಯುದ್ಧ ತೆಗೀರಿ. ಸಾವಿರ ವರ್ಷದ ಹಿಂದಿನದು. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೀತಾನೆ. ಕಾಲಿಗೆ ಸಿಗೋದೆಲ್ಲ ಹೆಣ. ದ್ರೋಣನನ್ನ ನೋಡ್ತಾನೆ, ತಮ್ಮನನ್ನ ನೋಡ್ತಾನೆ, ಮಗನನ್ನ ನೋಡ್ತಾನೆ, ಕರ್ಣನನ್ನ ನೋಡ್ತಾನೆ. ಮಧ್ಯೆ ಮರುಳುಗಳು ಬಂದು ಅಣಕಿಸ್ತವೆ. ಹಳಗನ್ನಡದಲ್ಲಿ ಮರುಳ್ ಅಂದ್ರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಇಲ್ಲಿ ನಿಜವಾದ ಮರುಳು ಯಾರು ಅಂತ ಆ ಒಂದು ಪದದಲ್ಲೇ ರನ್ನ ಚಕ್ರವರ್ತಿಯ ಮಾನ ತೆಗೀತಾನೆ. ಇದಕ್ಕಿಂತ ಡಾರ್ಕ್ ಇನ್ನೇನು ಬೇಕಪ್ಪ ನಿಮಗೆ?

ಲೆಕ್ಕಪತ್ರ
ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಕೇಳ್ತೀನಿ. ರಾತ್ರಿ ಒಬ್ಬನೇ ಕೂತು ಗದಾಯುದ್ಧ ಓದಿ ಹೆದರಿದವರು ಯಾರಾದ್ರೂ ಇದ್ದಾರಾ? ಪರೀಕ್ಷೆಗೆ ಹೆದರಿದ್ದು ಬಿಟ್ಟು?

ಹಳೆಮೇಷ್ಟ್ರು
ಜನ್ನನ ಯಶೋಧರ ಚರಿತೆ ಓದಿ ನಾನು ಹೆದರಿದ್ದೇನೆ. 1209ರ ಕಾವ್ಯ. ತಾಯಿ ಬಲಿ ಕೊಡು ಅಂತಾಳೆ, ಮಗನಿಗೆ ಜೀವ ಕೊಲ್ಲೋಕೆ ಮನಸ್ಸಿಲ್ಲ. ಸರಿ, ಹಿಟ್ಟಿನಲ್ಲಿ ಒಂದು ಹುಂಜ ಮಾಡಿ ಅದನ್ನೇ ಕಡಿಯೋಣ ಅಂತ ರಾಜಿ ಆಗುತ್ತೆ. ಕತ್ತಿ ಬೀಸ್ತಾನೆ. ಹಿಟ್ಟಿನ ಹುಂಜ ಕೂಗುತ್ತೆ. ಬರೀ ಹಿಟ್ಟು ಅಂತ ತಿಳಿದಿದ್ದು ಕೂಗುತ್ತೆ, ಅಷ್ಟೇ. ನನಗೆ ಆಗ ಇಪ್ಪತ್ತೆರಡು, ಹಾಸ್ಟೆಲ್ ರೂಮಲ್ಲಿ ಒಬ್ಬನೇ. ಪುಸ್ತಕ ಮುಚ್ಚಿ ಹೊರಗೆ ಬಂದು ವಾಚ್‌ಮನ್ ಜೊತೆ ಒಂದು ಗಂಟೆ ಹರಟೆ ಹೊಡೆದೆ.

ಲೆಕ್ಕಪತ್ರ
ಇದು ಒಪ್ಪಿದೆ.

ಕೆಂಪುಮಣ್ಣು
ಮೇಷ್ಟ್ರ ಮಾತು ಖರೇ. ಆದ್ರ ಅಷ್ಟು ಹಿಂದ ಹೋಗೂದು ಯಾಕ್ರೀ? ಕೆರೆಗೆ ಹಾರ ಹಾಡು ಎಲ್ಲಾರೂ ಸಾಲ್ಯಾಗ ಕಲ್ತೇವಿ, ತ್ಯಾಗದ ಹಾಡು ಅಂತ ಹೇಳಿ ಮಾರ್ಕ್ಸ್ ಕೊಟ್ಟು ಕಳಿಸ್ಯಾರ. ಈಗ ಕುಂತು ಓದ್ರಿ ಅದನ್ನ. ಕೆರಿ ಕಟ್ಟಿಸ್ಯಾರ, ಹನಿ ನೀರಿಲ್ಲ. ಸೊಸಿ ಒಬ್ಬಾಕಿನ್ನ ಕೊಡಬೇಕು ಅಂತ ತೀರ್ಮಾನ ಆಗೇತಿ, ಹಿರೇರೆಲ್ಲ ಕೂಡಿ ಸಣ್ಣಾಕಿನ್ನ ಆರಿಸ್ಯಾರ. ಆಕಿಗೂ ಗೊತ್ತೈತಿ. ಯಾರೂ ಬಾಯಿ ಬಿಡಂಗಿಲ್ಲ. ಪೂಜಿ ಆತು, ಊಟ ಆತು, ಎಲ್ಲಾರೂ ಹೊಳ್ಳಿ ಹೊಂಟ್ರು. ಬಂಗಾರದ ಬಟ್ಟಲ ಮರ್ತು ಬಂದೇವಿ, ತರಾಕ ಭಾಗೀರತಿ ಹೋಗತಾಳ. ಒಂದೊಂದು ಮೆಟ್ಟಲ ಏರಿದಂಗ ನೀರೂ ಏರತೈತಿ. ಪಾದದ ಮಟ, ನಡದ ಮಟ, ಎದಿ ಮಟ.

ಅದರಾಗ ದೆವ್ವ ಎಲ್ಲೈತಿ ಹೇಳ್ರಿ? ಮಾವ ಅದಾನ, ಅತ್ತಿ ಅದಾಳ, ಒಂದು ಬಟ್ಟಲ ಐತಿ. ನನಗ ಆ ಬಟ್ಟಲದ್ದೇ ಹೆದರಿಕಿ. ಬಟ್ಟಲ ಮರ್ತಿದ್ದಲ್ಲ, ಬಿಟ್ಟು ಬಂದಿದ್ದು ಅನ್ನೂದು ಕೇಳೋವರಿಗೆ ಗೊತ್ತಾಗತೈತಲ್ಲ, ಅಲ್ಲೇ ಮೈ ಜುಮ್ಮ ಅಂತೈತಿ.

ದೂರದೇಶಿ
ಇಷ್ಟು ವರ್ಷ ಅದು ತ್ಯಾಗದ ಹಾಡು ಅಂತಲೇ ತಿಳಿದಿದ್ದೆ. ಮಗಳಿಗೆ ಕನ್ನಡ ಶಾಲೆಯಲ್ಲಿ ಹೇಳಿಕೊಡ್ತಿದ್ದಾರೆ. ಮೊನ್ನೆ ಅವಳು "ಅಪ್ಪಾ, ವೈ ಡಿಡಂಟ್ ಶಿ ಜಸ್ಟ್ ಸೇ ನೋ" ಅಂತ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ.

ಬೆಲ್ಲದಚ್ಚು
ಗಂಭೀರ ಆಗ್ತಿದೆ, ನಾನು ಹಾಳು ಮಾಡ್ತೀನಿ. "ನಾಳೆ ಬಾ" ನೆನಪಿದೆಯಾ ಯಾರಿಗಾದ್ರೂ? ತೊಂಬತ್ತರ ದಶಕ. ನಮ್ಮ ವಠಾರದಲ್ಲಿ ಎಂಟು ಮನೆ, ಎಂಟೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ನಾಳೆ ಬಾ. ದೆವ್ವ ರಾತ್ರಿ ಬಂದು ನಮ್ಮ ಮನೆಯವರದೇ ದನಿಯಲ್ಲಿ ಕರೆಯುತ್ತೆ, ತೆಗೆದ್ರೆ ಮುಗೀತು. ಬರೆದಿದ್ದು ಓದಿ ವಾಪಸ್ ಹೋಗಿ ಮರುದಿನ ಬರುತ್ತೆ, ಮತ್ತೆ ಓದುತ್ತೆ. "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಹಾಕಿದ ಕಿರಾಣಿ ಅಂಗಡಿ ಶೆಟ್ರ ತಲೆಯೇ ಇದರ ಹಿಂದೆ ಇರಬೇಕು ಅಂತ ನಮ್ಮಪ್ಪ ಹೇಳ್ತಿದ್ರು.

ಲೆಕ್ಕಪತ್ರ
ನಮ್ಮ ಬೀದಿಯಲ್ಲಿ ಒಬ್ಬರು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆಸಿದ್ರು. ದೆವ್ವ ಯಾವ ಮೀಡಿಯಮ್ಮೋ ಗೊತ್ತಿಲ್ವಲ್ಲ ಅಂತ.

ಒಗ್ಗರಣೆ
😂 2018ರಲ್ಲಿ ಹಿಂದಿಯವರು ಇದನ್ನೇ ಎತ್ತಿಕೊಂಡು ಮಧ್ಯಪ್ರದೇಶದ ಚಂದೇರಿಗೆ ಸಾಗಿಸಿ ಸಿನಿಮಾ ಮಾಡಿ ದುಡ್ಡು ಬಾಚಿದ್ರು. ನಮಗೆ ಸೀಮೆಸುಣ್ಣದ ಖರ್ಚೂ ಹುಟ್ಟಲಿಲ್ಲ.

ಕೆಂಪುಮಣ್ಣು
ನಗಬ್ಯಾಡ್ರಿ, ಅದರಾಗ ಹುರುಳೈತಿ. ರಾತ್ರಿ ಹೊರಗಿಂದ ಯಾರರೆ ಒಂದ ಸಲ ಹೆಸರು ಹಿಡಿದು ಕರದ್ರ ಓ ಅನ್ನಬಾರದು ಅಂತ ನಮ್ಮವ್ವ ಹೇಳ್ತಿದ್ಲು. ಮೂರು ಸಲ ಕರದ್ರ ಮನಷ್ಯಾರು. ನನಗೀಗ ಐವತ್ತೆಂಟು. ಇವತ್ತಿಗೂ ಹೆಂಡ್ತಿ ಅಡಗಿ ಮನಿಯಿಂದ ಕರದ್ರ ಮೂರನೇ ಸಲಕ್ಕ ಓ ಅಂತೀನಿ. ಆಕಿ ಬ್ಯಾರೆನ ತಿಳ್ಕೊಂಡಾಳ.

ಹೊಸಪೆನ್ನು
ಅಂದ್ರೆ ಭಯ ಹುಟ್ಟೋದು ಅಪರಿಚಿತರಿಂದ ಅಲ್ಲ, ಪರಿಚಿತ ದನಿಯಿಂದ ಅಂತೀರಾ?

ದೂರದೇಶಿ
ನಾನು ಹೌದು ಅಂತೀನಿ. ಇಲ್ಲಿ ನಮ್ಮದು ಮರದ ಮನೆ. ಚಳಿಗಾಲದಲ್ಲಿ ಹೀಟರ್ ನಿಂತ ಕೂಡಲೇ ಇಡೀ ಮನೆ ಲಟಲಟ ಅನ್ನುತ್ತೆ, ಮೆಟ್ಟಿಲ ಮೇಲೆ ಯಾರೋ ಇಳಿದಂತೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಹೆದರಿಲ್ಲ. ರಾತ್ರಿ ಮೂರಕ್ಕೆ ಫೋನಲ್ಲಿ ಅಣ್ಣನ ಹೆಸರು ಬೆಳಗಿದ್ರೆ ಮಾತ್ರ ಎತ್ತೋಕೆ ಕೈ ಬರಲ್ಲ. ಎರಡು ಸಲ ಹಾಗೆ ಬಂದಿದೆ. ಎರಡು ಸಲವೂ ಎತ್ತಿದೆ. ಈಗ ಅಣ್ಣ ಮಾಮೂಲಿ ಮಾತಾಡೋಕೆ ಫೋನ್ ಮಾಡೋ ಮೊದಲು "ಎಲ್ಲ ಸರಿ ಇದೆ" ಅಂತ ಮೆಸೇಜ್ ಹಾಕ್ತಾನೆ. ನಾನು ಹೇಳಿದ್ದಲ್ಲ, ಅವನಾಗೇ ಶುರು ಮಾಡಿದ್ದು.

ಒಗ್ಗರಣೆ
ಹೊಸಪೆನ್ನು, ಕವಿತೆ ಅಂದ್ರೆ ಇದು. ನೋಡಿ ಕಲೀರಿ.

ಕಡಲತಡಿ
ತಡವಾಗಿ ಬಂದೆ, ಕ್ಷಮಿಸಿ. ಮೇಲೆ ಎಲ್ಲರೂ ದೆವ್ವ ದೆವ್ವ ಅಂತೀರಲ್ಲ ಮಾರಾಯ್ರೆ. ಕಥೆ ಬರೆಯುವವರು ನಮ್ಮ ತುಳುನಾಡನ್ನು ಹಿಡಿದುಕೊಂಡು ಭೂತ ಅಂತ ಬರೆದು ಪ್ರಾಣ ತಿಂತಾರೆ. ನಮ್ಮಲ್ಲಿ ಭೂತ ಅಂದ್ರೆ ದೈವ. ನೇಮ, ಅಂದ್ರೆ ಕೋಲ, ಕೊಡುದು, ತಪ್ಪು ಕಾಣಿಕೆ ಹಾಕುದು, ನ್ಯಾಯ ಕೇಳುದು. ಸತ್ತವರು ಕುಲೆ. ಎರಡೂ ಒಂದೇ ಅಲ್ಲ. ಬೆಂಗಳೂರಿನ ಕಥೆಗಾರರು ಗುಳಿಗ ದೈವವನ್ನು ತಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೂರಿಸ್ತಾರೆ, ಕರ್ಮ.

ಕುಲೆಯ ವಿಷಯ ಬೇಕಾದ್ರೆ ಕೇಳಿ. ಮದುವೆ ಆಗದೆ ಸತ್ತ ಮಕ್ಕಳಿಗೆ ನಮ್ಮಲ್ಲಿ ಮದುವೆ ಮಾಡುದುಂಟು, ಆಟಿ ತಿಂಗಳಲ್ಲಿ, ನಿಮ್ಮ ಆಷಾಢದ ಹೊತ್ತಿಗೆ. ಹುಡುಗನೂ ಸತ್ತವ, ಹುಡುಗಿಯೂ ಸತ್ತವಳು. ಸುಮ್ಮನೆ ಮಾಡುದಲ್ಲ, ಸಂಬಂಧ ಹುಡುಕುದು, ಎರಡೂ ಕಡೆಯವರು ಮಾತಾಡುದು, ಸೀರೆ ತರುದು, ಊಟ ಬಡಿಸುದು ಎಲ್ಲ ಉಂಟು. ನಾನು ಸಣ್ಣವಳಿದ್ದಾಗ ಒಂದಕ್ಕೆ ಹೋಗಿದ್ದೆ. ಹುಡುಗಿ ಎರಡು ವರ್ಷದಲ್ಲಿ ತೀರಿದ ಮಗು. ಆದರೆ ತಂದದ್ದು ದೊಡ್ಡವರು ಉಡುವ ಸೀರೆ. ನಾನು ಕೇಳಿದೆ, ಸಣ್ಣ ಮಗುವಿಗೆ ಇಷ್ಟು ದೊಡ್ಡ ಸೀರೆ ಯಾಕೆ ಅಂತ. ಅವಳ ಅಮ್ಮ ಹೇಳಿದ್ರು, "ಈಗ ಅವಳಿಗೆ ಇಪ್ಪತ್ತಮೂರು ಅಲ್ವಾ". ಲೆಕ್ಕ ಇಟ್ಟಿದ್ರು.

ಹೆದರಿಕೆ ಆದದ್ದಲ್ಲ ಅದು. ಏನಾಯಿತು ಅಂತ ಹೇಳ್ಲಿಕ್ಕೆ ನನಗೆ ಇವತ್ತಿಗೂ ಶಬ್ದ ಇಲ್ಲ.

ಹಳೆಮೇಷ್ಟ್ರು
ತಿದ್ದಿದ್ದಕ್ಕೆ ಧನ್ಯವಾದ ತಾಯಿ. ಆ ತಾಯಿಯ ಒಂದು ವಾಕ್ಯದ ಮುಂದೆ ನನ್ನ ರಸ, ಸ್ಥಾಯಿ ಎಲ್ಲ ಬದಿಗಿರಲಿ.

ಲೆಕ್ಕಪತ್ರ
ನಾನು ವಿರೋಧ ಪಕ್ಷ. ಎಲ್ಲರೂ ಅನುಭವ ಹೇಳ್ತಿದ್ದೀರಿ, ಚೆನ್ನಾಗಿದೆ. ಆದ್ರೆ ಅವನು ಕೇಳಿದ್ದು ಕಥೆ ಬರೆಯೋದು ಹೇಗೆ ಅಂತ. ದೆವ್ವವೇ ಬೇಡ, ಬಟ್ಟಲು ಸಾಕು, ಸೀರೆ ಸಾಕು ಅಂದ್ರೆ ಎಲ್ಲ ಕಥೆನೂ ಅಳುಮುಂಜಿ ಆಗುತ್ತೆ. ನನಗೆ ದೆವ್ವ ಬೇಕು ಸ್ವಾಮಿ. ಚಂದಮಾಮ ಓದಿ ಬೆಳೆದವನು ನಾನು. ಹೆಣ ಹೆಗಲ ಮೇಲೆ, ಒಳಗೆ ಬೇತಾಳ, ಬಾಯಿ ಬಿಟ್ರೆ ಮರಕ್ಕೆ ವಾಪಸ್, ಬಿಡದಿದ್ರೆ ತಲೆ ಹೋಳು. ಎಷ್ಟು ಚೊಕ್ಕ ಏರ್ಪಾಡು ನೋಡಿ. ಕೊಳ್ಳಿದೆವ್ವ ಇದ್ದಾಗ ರಾತ್ರಿ ಗದ್ದೆ ಬಯಲು ನೋಡೋಕೆ ಒಂದು ಕಾರಣ ಇತ್ತು. ಜೌಗಿನ ಗ್ಯಾಸು ಅಂತ ಯಾವನೋ ಹೇಳಿದ, ಆಮೇಲೆ ಎಲ್ಇಡಿ ಬಂತು, ಎರಡೂ ಸೇರಿ ಕೊಂದವು.

ಬೆಲ್ಲದಚ್ಚು
ಹೆಸರು ಲೆಕ್ಕಪತ್ರ, ಕೇಳೋದು ಬೇತಾಳ. ನಿಮ್ಮ ಆಡಿಟ್ ಯಾರು ಮಾಡ್ತಾರೆ?

ಮಳೆಕಾಡು
ಲೆಕ್ಕಪತ್ರ ಅವರಿಗೆ ದೆವ್ವ ಬೇಕು ಅಂದ್ರಲ್ಲ. ಲೆಕ್ಕದ ದೆವ್ವವೇ ಒಂದಿದೆ ನಮ್ಮನೇಲಿ. ತೀರ್ಥಹಳ್ಳಿ ಕಡೆ, ಅಡಿಕೆ ಮನೆತನ. ಕೊಯ್ಲು ಶುರುವಾದ್ರೆ ರಾತ್ರಿ ಹನ್ನೊಂದು ಹನ್ನೆರಡರ ತನಕ ಅಂಗಳದಲ್ಲಿ ಅಡಿಕೆ ಸುಲಿಯೋದು. ಹೆಂಗಸರು ಮೆಟ್ಟುಗತ್ತಿ ಹಾಕ್ಕೊಂಡು ಸುತ್ತ ಕೂರ್ತಾರೆ, ಮಧ್ಯೆ ಗ್ಯಾಸ್‌ಲೈಟು, ಪ್ರತಿಯೊಬ್ಬರ ಎಡಕ್ಕೆ ಸಿಪ್ಪೆ, ಬಲಕ್ಕೆ ಬುಟ್ಟಿ. ಕೂಲಿ ಡಬ್ಬದ ಲೆಕ್ಕ. ಕೊನೆಗೆ ಅಜ್ಜ ಒಬ್ಬೊಬ್ಬರ ಬುಟ್ಟಿ ಅಳೆದು ಪುಸ್ತಕದಲ್ಲಿ ಬರೀತಿದ್ರು. ನಿದ್ದೆ ಬರಬಾರದು ಅಂತ ಅಲ್ಲಿ ಹೇಳ್ತಿದ್ದದ್ದೆಲ್ಲ ಚೌಡಿ, ಪೀಡೆ, ಮೋಹಿನಿ ಕಥೆಗಳೇ.

ಒಂದು ರಾತ್ರಿ ಸುಲಿದವರು ಹನ್ನೊಂದು ಜನ. ಅಳೆಯೋಕೆ ಬಂದ್ರೆ ಹನ್ನೆರಡು ಬುಟ್ಟಿ.

ಮೊದಲು ಎಲ್ಲ ನಕ್ಕರಂತೆ. ಯಾರೋ ಎರಡು ಬುಟ್ಟಿ ತುಂಬಿಸಿದ್ದಾರೆ ಅಂತ. ಆಮೇಲೆ ಅಜ್ಜಿ ದೀಪ ಕೆಳಗೆ ಹಿಡಿದು ತೋರಿಸಿದ್ರು. ಹನ್ನೊಂದು ಕಡೆ ಸಿಪ್ಪೆ ಗುಡ್ಡೆ ಇದೆ. ಹನ್ನೆರಡನೇ ಬುಟ್ಟಿ ಪಕ್ಕ ನೆಲ ಗುಡಿಸಿದ ಹಾಗಿದೆ. ಒಂದು ಚೂರು ಸಿಪ್ಪೆ ಇಲ್ಲ.

ಲೆಕ್ಕಪತ್ರ
ಇದು ಇದು. ಇದು ಬೇಕಿತ್ತು ನನಗೆ. ಆದ್ರೂ ಕೇಳ್ತೀನಿ, ಯಾರೋ ಬೇರೆ ದಿನ ಸುಲಿದದ್ದು ತಂದಿಟ್ಟಿರಬಹುದಲ್ಲ?

ಮಳೆಕಾಡು
ಇರಬಹುದು. ಹಸಿ ಅಡಿಕೆ ಸುಲಿದು ಇಟ್ರೆ ಬೇಗ ಬಣ್ಣ ತಿರುಗುತ್ತೆ, ಇದು ಆಗಷ್ಟೇ ಸುಲಿದ ಹಾಗೆ ಬೆಳ್ಳಗಿತ್ತು ಅಂತಿದ್ರು. ನಾನು ನೋಡಿದ್ದಲ್ಲ. ಅಜ್ಜನ ಪುಸ್ತಕ ಮಾತ್ರ ನೋಡಿದ್ದೇನೆ, ಈಗಲೂ ಅಟ್ಟದ ಮೇಲಿದೆ. ಆ ದಿನದ ಹಾಳೆಯಲ್ಲಿ ಹನ್ನೊಂದು ಹೆಸರು, ಎದುರಿಗೆ ಡಬ್ಬದ ಲೆಕ್ಕ. ಹನ್ನೆರಡನೇ ಸಾಲಲ್ಲಿ ಹೆಸರಿನ ಜಾಗ ಖಾಲಿ. ಎದುರಿಗೆ "ಎರಡೂವರೆ". ಅದರ ಮುಂದೆ "ಸಂದಾಯ".

ಒಗ್ಗರಣೆ
ಅಯ್ಯಪ್ಪ. ಬೇಡ ಬೇಡ. ಇಲ್ಲಿ ಕರೆಂಟ್ ಬೇರೆ ಹೋಗಿದೆ.

ಕಡಲತಡಿ
ಸಂದಾಯ ಅಂತ ಯಾಕೆ ಬರೆದದ್ದು? ಯಾರಿಗೆ?

ಮಳೆಕಾಡು
ಅದನ್ನೇ ಕೇಳಿದ್ದೆ, ನನಗಾಗ ಹತ್ತು ವರ್ಷ. "ಬೆಳಿಗ್ಗೆ ಬಂದು ಇಸ್ಕೊಂಡು ಹೋದ್ರಲ್ಲ" ಅಂದ್ರು ಅಜ್ಜ. ಯಾರು ಅಂದೆ. "ಸುಲಿದವರು" ಅಂದ್ರು. ಎಲೆಗೆ ಸುಣ್ಣ ಹಚ್ಚುತ್ತಾ, ತಲೆ ಎತ್ತದೆ.

ಕೆಂಪುಮಣ್ಣು
ಹೊಸಪೆನ್ನು ತಮ್ಮಾ, ನಿನ್ನ ಅಜ್ಜಿ ಗುಟ್ಟು ಇದೇ. ಹೇಳೋರು ತಲಿ ಎತ್ತಬಾರದು. ನೀ ಕವಿತಾದಾಗ ಪ್ರೇತ, ಗೋರಿ, ಹೆಣ ಅಂತ ಎಲ್ಲಾನೂ ಹೆಸರು ಹಿಡಿದು ಕರದು ಕುಂದ್ರಿಸೀದಿ. ಕರದು ಕುಂದ್ರಿಸಿದವರು ಬೀಗರು, ದೆವ್ವ ಅಲ್ಲ. ನಮ್ಮವ್ವ ಬೀಸೂ ಕಲ್ಲಿನ ಮುಂದ ಹಾಡ್ತಿದ್ದ ಧಾಟಿ ಹಿಡಿದು ನಾನೊಂದು ತ್ರಿಪದಿ ಕಟ್ಟೇನಿ, ತಪ್ಪಿದ್ರ ಮೇಷ್ಟ್ರು ತಿದ್ದಲಿ:

ಬೀಸುವ ಕಲ್ಲೊಂದು ಬೀಸ್ಯಾದ ನಡುರಾತ್ರಿ
ಬೀಸುವ ಕೈಯ ಸುಳಿವಿಲ್ಲ – ಬೆಳಗೆದ್ದು
ರಾಶಿ ಹಿಟ್ಟಿನ್ನು ಬಿಸಿಯೈತಿ

ಹಳೆಮೇಷ್ಟ್ರು
ಸಕಾರ ಶಕಾರದ ಪ್ರಾಸ ಜನಪದದಲ್ಲಿ ನಡೆಯುತ್ತೆ, ಬಿಡಿ. ಮೊದಲೆರಡು ಸಾಲಲ್ಲಿ ಒಂದೊಂದು ಮಾತ್ರೆ ಕಮ್ಮಿ, ಹಾಡೋವಾಗ ಎಳೆದ್ರೆ ಸರಿ ಹೋಗುತ್ತೆ. ಕೊನೆ ಸಾಲು ಮುಟ್ಟಬೇಡಿ. ಬೀಸುವ ಕಲ್ಲಿನಿಂದ ಬಂದ ಹಿಟ್ಟು ಬಿಸಿ ಇರುತ್ತೆ ಅನ್ನೋದು ಬೀಸಿದವರಿಗೆ ಮಾತ್ರ ಗೊತ್ತು.

ಬೆಲ್ಲದಚ್ಚು
ಮಿಕ್ಸಿ ತಲೆಮಾರಿಗೆ ಅರ್ಥ ಆಗಲ್ಲ ಅಂತ ಕಂಪ್ಲೇಂಟ್ ಹಾಕೋಣ ಅಂದ್ಕೊಂಡೆ. ಅರ್ಥ ಆಯ್ತು. ಬೇಜಾರಾಯ್ತು.

ಲೆಕ್ಕಪತ್ರ
ಒಂದು ತಕರಾರು. ಹೆಸರಿಡಬಾರದು ಅನ್ನೋದನ್ನ ಹೊಸ ಮಂತ್ರ ಮಾಡ್ಕೊಂಡು ನಾಳೆಯಿಂದ ಎಲ್ಲರೂ ಅರ್ಥವಾಗದ ಕಥೆ ಬರೆದು "ಸೂಚ್ಯವಾಗಿದೆ" ಅಂತ ಕೂತ್ರೆ ನಾನು ಒಪ್ಪಲ್ಲ. ಮಳೆಕಾಡು ಅವರ ಕಥೆ ನಿಂತಿರೋದು ಸೂಚನೆಯ ಮೇಲಲ್ಲ. ಹನ್ನೊಂದು, ಹನ್ನೆರಡು, ಎರಡೂವರೆ. ಎಲ್ಲ ಪಕ್ಕಾ ಅಂಕಿ. ಎಲ್ಲ ಲೆಕ್ಕ ಸರಿ ಇಟ್ಟು ಒಂದೇ ಒಂದನ್ನ ತಪ್ಪಿಸಿದ್ದಾರೆ.

ಹಳೆಮೇಷ್ಟ್ರು
ಒಪ್ಪಿದೆ. ಕವಿ ಗೋಪಾಲಕೃಷ್ಣ ಅಡಿಗರು ತಮ್ಮ ಒಂದು ಕವಿತೆಗೆ ಭೂತ ಅಂತ ಹೆಸರಿಟ್ಟು ಕಳೆದುಹೋದ ಕಾಲ, ಕಾಡೋ ಪಿಶಾಚಿ ಎರಡನ್ನೂ ಒಂದೇ ಪದದಲ್ಲಿ ಹಿಡಿದ್ರಲ್ಲ. ಹೆಸರಿಡೋದೇ ತಪ್ಪಲ್ಲ, ಸರಿಯಾದ ಹೆಸರು ಒಂದು ಸಾಕು.

ಕಡಲತಡಿ
ಮೇಷ್ಟ್ರೇ, ಮತ್ತೆ ಭೂತ ಅಂದ್ರೆ ಪಿಶಾಚಿ ಅಂದ್ರಲ್ಲ.

ಹಳೆಮೇಷ್ಟ್ರು
ತಪ್ಪು ಕಾಣಿಕೆ ಎಲ್ಲಿ ಹಾಕಬೇಕು ಹೇಳಿ, ಹಾಕ್ತೀನಿ.

ಹೊಸಪೆನ್ನು
ಎಲ್ಲರಿಗೂ ದೊಡ್ಡ ನಮಸ್ಕಾರ. ಕವಿತೆ ಹರಿದು ಹಾಕಿದೆ, ಒಗ್ಗರಣೆ ಅವರು ಹೇಳಿದ ಕಾರಣಕ್ಕೇ. ಕಥೆಯ ಶುರು ಬದಲಾಯಿಸಿದೆ, ಬೆಳಗಿನ ಜಾವ ಬರೆದದ್ದು:

"ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಲಿನವನು ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಪ್ಯಾಕೆಟ್ ಹಾಕಿ ಹೋಗುತ್ತಾನೆ. ಎದುರು ಮನೆಯ ಆಂಟಿ ತೀರಿಕೊಂಡು ಎರಡು ತಿಂಗಳಾಯಿತು, ಮನೆಗೆ ಬೀಗ. ಚೀಲ ಇನ್ನೂ ಅಲ್ಲೇ ತೂಗುತ್ತಿದೆ. ಅರ್ಧ ಲೀಟರ್ ಸಾಕು ಅಂತ ಯಾರು ಹೇಳಿದ್ದು ಎಂದು ಇವತ್ತು ಹಾಲಿನವನನ್ನು ಕೇಳಿದೆ."

ತಂಗಿಗೆ ಓದಿ ಹೇಳಿದೆ. ನಗಲಿಲ್ಲ. "ಆಮೇಲೆ?" ಅಂದ್ಲು.

ಒಗ್ಗರಣೆ
ಆಮೇಲೆ?

ಕೆಂಪುಮಣ್ಣು
ಆಮ್ಯಾಲೆ?

ಹೊಸಪೆನ್ನು
ಇನ್ನೂ ಬರೆದಿಲ್ಲ ಸ್ವಾಮಿ. ಕತ್ತಲಾಗಿದೆ, ನಾಳೆ ಬರೀತೀನಿ. ಇವತ್ತು ಎದುರು ಮನೆ ಕಡೆ ನೋಡದೆ ಲಿಫ್ಟ್ ಹತ್ತಿ ಬಂದೆ.

ಬೆಲ್ಲದಚ್ಚು
@ಮಳೆಕಾಡು ಒಂದು ಪ್ರಶ್ನೆ ತಲೆಯಲ್ಲಿ ಕೊರೀತಿದೆ. ಆ ಹನ್ನೆರಡನೇ ಬುಟ್ಟಿ ಅಡಿಕೆ ಏನು ಮಾಡಿದ್ರಿ?

ಮಳೆಕಾಡು
ಏನು ಮಾಡೋದು? ಉಳಿದದ್ದರ ಜೊತೆ ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ್ರು. ಆ ವರ್ಷ ರೇಟು ಚೆನ್ನಾಗಿತ್ತಂತೆ.